ನಲವತ್ತೊಂದನೆಯ ಕಾರ್ಡು

ಕಾಶವ್ವನ ಹಣೆಗೆ ಕಟ್ಟಿದ್ದ ಪಟ್ಟಿಯಲ್ಲಿ ಕಡಲೆಕಾಳಿನಷ್ಟು ಒಂದು ದೀಪವಿತ್ತು. ನೆನಪು ಒಳಗಿನಿಂದ ಎದ್ದು ಬಂದು ಬಾಯಲ್ಲಿ ಮಾತಾದರೆ ಅದು ಹಸಿರಾಗುತ್ತಿತ್ತು. ಬರದಿದ್ದರೆ ಕೆಂಪಾಗಿಯೇ ಇರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಒಂದು ಗುಳಿಗೆ ನುಂಗಿಸಿ, ಅದರ ಶಕ್ತಿ ಇರುವ ಒಂದೂವರೆ ತಾಸಿನೊಳಗೆ ಕಾರ್ಡುಗಳನ್ನೆಲ್ಲ ತೋರಿಸಿ ಮುಗಿಸಬೇಕು. ಮಗಳು ದಾಕ್ಷಾಯಣಿ ಎದುರಿಗೆ ಕೂತು ಒಂದೊಂದೇ ಕಾರ್ಡು ಎತ್ತಿ ಹಿಡಿಯುತ್ತಿದ್ದಳು. ಗಂಡ ಅಡಿವೆಪ್ಪ ಪಕ್ಕದಲ್ಲಿ ಕೂತು ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕುತ್ತಿದ್ದ.

"ಇದು ಯಾರವ್ವಾ?"

"ನಮ್ಮಣ್ಣ ಬಸಲಿಂಗ. ಸತ್ತಾನ ಪಾಪ."

ಹಸಿರು.

"ಇದು?"

"ಬೀಗದ ಕೈ. ಕಪಾಟಿಂದು."

ಹಸಿರು.

"ಇದು?"

"ನೀನಽ ಅಲ್ಲೇನ? ನೋಡು, ಮೂಗು ಸೊಟ್ಟ ಮಾಡಿ ಹೆಂಗ ನಿಂತೀದಿ. ಸಾಲ್ಯಾಗ ಹುಡುಗ್ರು ಅಂಜೂದು ಈ ಮೂಗಿಗೇ ಇರಬೇಕು."

ಹಸಿರು. ಶಾಲೆಯ ಟೀಚರಮ್ಮ ದಾಕ್ಷಾಯಣಿ ಮೂಗು ಒರೆಸಿಕೊಂಡು ನಕ್ಕಳು.

ಹೀಗೆ ನಲವತ್ತು ಕಾರ್ಡು ಮುಗಿದವು. ನಲವತ್ತೊಂದನೆಯದು ಅಡಿವೆಪ್ಪನದೇ ಫೋಟೊ. ಬಸ್ ಡಿಪೋದಿಂದ ನಿವೃತ್ತಿಯಾದ ದಿನ ಖಾಕಿ ಅಂಗಿಯ ಮೇಲೆ ಹಾರ ಹಾಕಿಸಿಕೊಂಡು ತೆಗೆಸಿದ್ದು. ಕಾಶವ್ವ ಅದನ್ನು ನೋಡಿದಳು. ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಭುಜ ಕುಣಿಯುವ ಹಾಗೆ ನಗು.

"ಹೇಳವ್ವಾ, ಯಾರಿದು?"

"ಹೋಗ, ನಿನ್ನ. ಏನ್ ಕೇಳ್ತಾಳ ನೋಡು ಇಕಿ."

ದೀಪ ಕೆಂಪಾಗಿಯೇ ಉಳಿಯಿತು.

"ಗೊತ್ತೈತಿ ಬಿಡು ಆಕೀಗೆ," ಎಂದು ಅಡಿವೆಪ್ಪ ಟ್ಯಾಬ್ಲೆಟ್ಟಿನ ಮೂಲೆಯ ಗುಂಡಿ ಒತ್ತಿದ. 'ರೋಗಿಗೆ ಗೊತ್ತಿದೆ' ಎಂದು ಅದರ ಮೇಲೆ ಬರೆದಿತ್ತು. ಮಾತು ನಿಂತುಹೋದ ರೋಗಿಗಳು ಕಣ್ಣಿನಲ್ಲೋ ಕೈಯಲ್ಲೋ ತೋರಿಸಿದರೆ ಮನೆಯವರು ಒತ್ತಲಿ ಎಂದು ಇಟ್ಟಿದ್ದ ಗುಂಡಿ ಅದು.

ಅವನ ಮಟ್ಟಿಗೆ ಅದು ಸುಳ್ಳಲ್ಲ. ಮದುವೆಯಾಗಿ ನಲವತ್ತನಾಲ್ಕು ವರ್ಷ, ಮನೆಯಲ್ಲಿ ಕಾಶವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅವಳ ತಾಯಿ ಹೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ, ಇವಳೂ ಹೇಳಲಿಲ್ಲ. ಕರೆಯಬೇಕಾದರೆ ಬಳೆ ಸಪ್ಪಳ ಮಾಡುವಳು. ಇಲ್ಲವೇ ಗೋಡೆಗೆ ಹೇಳಿದಂತೆ "ಕೇಳಿದ್ರೇನ" ಅನ್ನುವಳು. ರೇಷನ್ ಕಾರ್ಡಿನವನು ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆಯವಳನ್ನು ಮೊಣಕೈಯಿಂದ ತಿವಿಯುವಳು. ಆ ಮನೆಯಲ್ಲಿ ಹೇಳದೇ ಇರುವುದೇ ಅವಳು ಅವನನ್ನು ಹೇಳುವ ರೀತಿಯಾಗಿತ್ತು. ಹೀಗಾಗಿ ಎರಡು ಸುತ್ತಿನ ಚಿಕಿತ್ಸೆಯುದ್ದಕ್ಕೂ ಅಡಿವೆಪ್ಪ ಪ್ರತಿ ಬೆಳಿಗ್ಗೆ ಆ ಗುಂಡಿ ಒತ್ತುತ್ತ ಬಂದಿದ್ದ.

ಚಿಕಿತ್ಸೆ ನಡೆಸುತ್ತಿದ್ದ ಪ್ರಯೋಗಾಲಯದಿಂದ ಕೂಡಲೇ ಬರಬೇಕೆಂದು ಫೋನು ಬಂದದ್ದು ಅಂದೇ ಮಧ್ಯಾಹ್ನ. ಮೂರನೆಯ ಸುತ್ತಿಗೆ ಇನ್ನು ಹತ್ತು ದಿನವಿತ್ತು.

ಧಾರವಾಡದ ಹೊರಗೆ ಗುಡ್ಡದ ಮೇಲಿದ್ದ ಆ ಕಟ್ಟಡದ ನಿಯಂತ್ರಣ ಕೋಣೆಯಲ್ಲಿ ಒಂದು ಗೋಡೆಯೇ ಪರದೆಯಾಗಿತ್ತು. ಅದರ ತುಂಬ ಕಾಶವ್ವನ ಮೆದುಳು. ಡಾಕ್ಟರ್ ನಫೀಸಾ ಮನಿಯಾರ ಕುರ್ಚಿ ಎಳೆದು ಅಡಿವೆಪ್ಪನನ್ನು ಕೂರಿಸಿದಳು. ನಲವತ್ತರ ಹೆಂಗಸು. ಕನ್ನಡಕ ತಲೆಯ ಮೇಲಿಟ್ಟುಕೊಂಡು ಕೋಣೆಯೆಲ್ಲ ಕನ್ನಡಕ ಹುಡುಕುವವಳು.

"ನಿಮಗ ಮೊದಲಽ ಹೇಳಿದ್ನಲ್ರಿ, ಮೆದುಳಿನಾಗ ಯೋಚನೆ ಮಾಡೂ ನರಕೋಶ ಬ್ಯಾರೆ, ಅವಕ್ಕ ಆಸರೆ ಕೊಡೂ ಕೋಶ ಬ್ಯಾರೆ ಅಂತ."

"ಹೇಳೀರಿ. ಡ್ರೈವರ್ ಕಂಡಕ್ಟರ್ ಬ್ಯಾರೆ, ಡಿಪೋದವರು ಬ್ಯಾರೆ. ಮಂದಿ ಕಣ್ಣಿಗೆ ಡ್ರೈವರ್ ಅಷ್ಟಽ ಕಾಣ್ತಾನ. ನಾವು ಗಾಡಿ ತೊಳದು, ಎಣ್ಣಿ ಹಾಕಿ, ಕಸಾ ಬಳದು ಕೊಡಲಿಲ್ಲಂದ್ರ ಅವ ಎಲ್ಲಿಗೆ ಹೋಗ್ತಾನ?"

"ಹಂಗಽ. ನಕ್ಷತ್ರದ ಹಂಗ ಕೈಕಾಲು ಚಾಚಿಕೊಂಡವು ಒಂದಿಷ್ಟು. ಅವು ನರಕೋಶಕ್ಕ ಉಣಸ್ತಾವ, ನೀರು ಕೊಡ್ತಾವ. ಇನ್ನೊಂದಿಷ್ಟು ಸಣ್ಣವು. ಮೈಕ್ರೋಗ್ಲಿಯಾ ಅಂತೀವಿ. ಅವು ಕಸಾ ಬಳಿಯೂವು. ನಿಮ್ಮನಿಯವರ ರೋಗ ಸುರು ಆಗಿದ್ದು ಈ ಕಸದವರಿಂದ. ವಯಸ್ಸಾಗಿ, ಹೊಟ್ಟಿತುಂಬ ಹೊಲಸು ತುಂಬಿಕೊಂಡು, ಅವು ಸಿಟ್ಟಿಗೆದ್ದುವು. ಕಸಾ ಬಿಟ್ಟು ಜೀವಂತ ಕೊಂಡಿ ತಿನ್ನಾಕ ಹತ್ತಿದುವು. ಅವನ್ನ ನೋಡಿ ಉಣಸೂವೂ ಉಣಸೂದು ಬಿಟ್ಟುವು."

ಈ ಕಥೆ ಅಡಿವೆಪ್ಪನಿಗೆ ಬಾಯಿಪಾಠವಾಗಿತ್ತು. ಎರಡು ವರ್ಷದ ಹಿಂದೆ ಕಾಶವ್ವ ಚಹಾಕ್ಕೆ ಅರಿಶಿನ ಹಾಕಿದ್ದಳು. ಲೈನ್ ಬಜಾರಿನಲ್ಲಿ ನಿಂತು ಮನೆಯ ದಾರಿ ಯಾವುದೆಂದು ಹೂವಿನವಳನ್ನು ಕೇಳಿದ್ದಳು. ಹುಡುಗಿಯಾಗಿದ್ದಾಗಿನಿಂದ ಹಾಕುತ್ತಿದ್ದ ಕಸೂತಿಯ ಗೋಪುರ ಅರ್ಧಕ್ಕೆ ನಿಂತು, ಅವಳು ಸೂಜಿ ಹಿಡಿದುಕೊಂಡೇ ಅತ್ತಿದ್ದಳು. ಆಮೇಲೆ ಇಲ್ಲಿಗೆ ಬಂದರು. ಅವಳದೇ ರಕ್ತ ತೆಗೆದು, ಅದರಿಂದ ಹೊಸ ಮೈಕ್ರೋಗ್ಲಿಯಾ ಬೆಳೆಸಿದರು. ಹಳೆಯ ಸಿಟ್ಟಿನ ಕೋಶಗಳನ್ನು ಔಷಧದಿಂದ ತೆಗೆದು, ಹೊಸದನ್ನು ಮೂರು ಸುತ್ತಿನಲ್ಲಿ ಒಳಗೆ ಬಿಡುವುದು. ಆದರೆ ಹೊಸಬರಿಗೆ ಮನೆ ಗೊತ್ತಿಲ್ಲ. ಯಾವುದು ಕಸ, ಯಾವುದು ಬೇಕಾದದ್ದು ತಿಳಿಯದು. ಅದಕ್ಕೇ ಗುಳಿಗೆ, ಕಾರ್ಡು, ದೀಪ. ಗುಳಿಗೆಯ ಹೊತ್ತಿನಲ್ಲಿ ಯಾವ ನೆನಪಿನ ದಾರಿ ಬೆಳಗುತ್ತದೋ ಆ ದಾರಿಯ ಕೊಂಡಿಗಳಿಗೆ 'ಮುಟ್ಟಬೇಡ' ಎನ್ನುವ ಲೇಪ ಅಂಟಿಕೊಳ್ಳುತ್ತದೆ. ಹೊಸ ಕೋಶಗಳು ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ಲೇಪವಿಲ್ಲದ್ದಕ್ಕೆ ಭರವಸೆಯಿಲ್ಲ.

ನಫೀಸಾ ಪರದೆಯ ಮೇಲೆ ಬೆರಳಿಟ್ಟಳು. ಎಲ್ಲೆಲ್ಲೂ ಹಸಿರು ಚುಕ್ಕೆ. ಒಂದು ಕಡೆ ಮಾತ್ರ ಅಂಗೈಯಗಲ ಕತ್ತಲು.

"ನಲವತ್ತೊಂದನೇ ಕಾರ್ಡು. ಒಂದು ದಿನಾನೂ ಬೆಳಗಿಲ್ಲ. ಆದರ ನಿಮ್ಮ ಟ್ಯಾಬ್ಲೆಟ್ಟಿನಾಗ ದಿನಾ ಗೊತ್ತದ ಅಂತ ಬಂದದ. ಗುಂಡಿ ಒತ್ತಿದವರು ಯಾರ್ರಿ?"

"ನಾನಽ."

"ಹೆಸರು ಹೇಳತಾರೇನು ಅವರು?"

"ನನ್ನ ಹೆಸರು ಆಕಿ ಹೆಂಗ ಹೇಳ್ತಾಳ್ರಿ?"

ನಫೀಸಾ ತಲೆಯ ಮೇಲಿನ ಕನ್ನಡಕ ಇಳಿಸಿ ಮೂಗಿಗೇರಿಸಿದಳು. "ನಮ್ಮ ಅಮ್ಮೀನೂ ಹೇಳಲಿಲ್ಲ ಸಾಯೂತನಕ," ಎಂದಳು ಮೆಲ್ಲಗೆ. "ನಾನಽ ಕೇಳಬೇಕಾಗಿತ್ತು. ಈ ಯಂತ್ರ ಮಾಡಿದವರ ಊರಾಗ ಹಿಂಗ ಇರೂದಿಲ್ಲ. ಅದಕ್ಕ ಬಾಯಿಮಾತು ಬೇಕು. ನೋಡಿ ನಕ್ಕರ ಸಾಲೂದಿಲ್ಲ, ಒಳಗಿಂದ ತಗದು ಹೇಳಬೇಕು."

"ಮೂರನೇ ಸುತ್ತು ಬಿಟ್ರ?"

"ಹಳೇವು ಹೋಗ್ಯಾವ, ಹೊಸಾವು ಅರ್ಧ ಬಂದಾವ. ಈಗ ಬಿಟ್ರ ಕಸಾ ಮತ್ತ ತುಂಬತದ, ಬಂದವೂ ಸಿಟ್ಟಿಗೇಳ್ತಾವ. ದೀಪಾವಳಿಯೊಳಗ ಅವರು ತುತ್ತು ನುಂಗೂದನ್ನೂ ಮರೀತಾರ. ಮುಂದೂಡಾಕೂ ಬರೂದಿಲ್ಲ. ಬೆಳೆಸಿದ ಕೋಶ ಕಾಯೂದಿಲ್ಲ. ನಾಳಿಂದ ಒಂಬತ್ತು ಮುಂಜಾನೆ ಅದ. ಒಂದು ಹೆಸರು, ಅಡಿವೆಪ್ಪನವರ. ಹೆಸರು ಹಿಡಿಕಿ ಇದ್ದಂಗ. ಹಿಡಿಕಿ ಹಿಡಿದ್ರ ಉಳದದ್ದು ಹಿಂದಽ ಬರ್ತದ."

ಆ ಮಾತನ್ನು ಅಡಿವೆಪ್ಪ ನಂಬಿದ. ಹೇಳಿದವಳೂ ನಂಬಿದ್ದಳು.

ಮೊದಲ ಬೆಳಿಗ್ಗೆ ಬೇಡಿಕೊಂಡರು. ಎರಡನೆಯ ಬೆಳಿಗ್ಗೆ ಗದರಿಸಿದರು. ಮೂರನೆಯ ದಿನ ದಾಕ್ಷಾಯಣಿಗೆ ಒಡಪಿನ ನೆನಪಾಯಿತು. ಮದುವೆ ಸೀಮಂತಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದೆಂದು ಹಟ ಹಿಡಿದಾಗ ಪ್ರಾಸ ಕಟ್ಟಿ ಹೆಸರನ್ನು ನಡುವೆ ಹುದುಗಿಸಿ ಹೇಳುವುದುಂಟಲ್ಲ, ಅದು.

"ಅವ್ವಾ, ನನ್ನ ಲಗ್ನದಾಗ ಹೇಳಿದ್ದೆಲ್ಲ, ಬಸ್ಸಿನ ಒಡಪು?"

ಕಾಶವ್ವನ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿ ಕೂತು ಶುರುಮಾಡಿದಳು.

"ಡಿಪೋ ಮುಂದ ನಿಂತೈತಿ ಕೆಂಪಾನ ಬಸ್ಸು, ಬಸ್ಸಿನಾಗ ಕುಂತ ಸೊಸಿಗೆ ಬಂದೈತಿ ಮುನಸು. ಇಳಿಯವ್ವ ಅಂದ್ರ ಇಳಿಯಾಕಿ ಅಲ್ಲ ನಾನು, ..."

ದೀಪ ಹಸಿರಾಗಿ ಉರಿಯುತ್ತಿತ್ತು. ಹೆಸರು ಬರುವ ಜಾಗಕ್ಕೆ ಬಂದು ಕಾಶವ್ವ ಪಕ್ಕದಲ್ಲಿ ಕೂತ ಗಂಡನನ್ನು ಕಡೆಗಣ್ಣಿನಲ್ಲಿ ನೋಡಿದಳು. ಸೆರಗು ಬಾಯಿಗೆ ಹೋಯಿತು.

ಕೆಂಪು.

"ಲಗ್ನದಾಗ ಹೇಳಿದ್ದೆಲ್ಲ!"

"ಅಲ್ಲೆ ನಾಕು ಮಂದಿ ಗರತೇರು ಕೂಡಿದ್ರು. ಇಲ್ಲೇನೈತಿ? ಬಾಜೂಕಽ ಕುಂತಾರ ಇವ್ರು."

"ಏ, ನಾನಽ ಹೇಳಾಕತ್ತೀನಿ, ಹೇಳು," ಎಂದ ಅಡಿವೆಪ್ಪ. "ಕಾಲು ಬೀಳ್ಲೇನು?"

"ಅಯ್ಯ! ಹಂಗೆಲ್ಲ ಅನಬಾರ್ದು." ಅವಳು ಗಾಬರಿಯಾಗಿ ಎದ್ದು ಅಡಿಗೆಮನೆಗೆ ಹೋದಳು. ಪಟ್ಟಿಯ ವೈರು ಹಿಂದೆಯೇ ಜಗ್ಗಿಕೊಂಡು ಹೋಯಿತು.

ದಾಕ್ಷಾಯಣಿಗೆ ಆಗ ಹೊಳೆದದ್ದು ಬಹಳ ಸರಳವಾದ ಉಪಾಯ. ಮರುದಿನ ಅವಳು ಅಪ್ಪನಿಗೆ ಹಿತ್ತಲಿಗೆ ಹೋಗಿ ಕೂರಲು ಹೇಳಿದಳು. ಖಾಕಿ ಅಂಗಿಯ ಫೋಟೊ ಬದಲು ಅವನ ಹಳೆಯ ಲೈಸೆನ್ಸಿನ ಫೋಟೊ ಅಂಟಿಸಿದಳು. ಮೀಸೆ ದಪ್ಪಗೆ, ಕೂದಲು ಕಪ್ಪಗೆ, ಯಾರೋ ಎನ್ನುವ ಹಾಗಿದ್ದ ಫೋಟೊ.

"ಅವ್ವಾ, ಇವರು ಅಡಿವೆಪ್ಪ ಅಂತ. ಡಿಪೋದಾಗ ಮೆಕ್ಯಾನಿಕ್ ಅದಾರ. ಏನು ಹೇಳು?"

"ಅಡಿವೆಪ್ಪ. ಡಿಪೋದಾಗ ಮೆಕ್ಯಾನಿಕ್."

ಹಸಿರು.

ದಾಕ್ಷಾಯಣಿ ಓಡಿ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದಳು. ಅಡಿವೆಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಕಾಶವ್ವನ ಬಾಯಲ್ಲಿ ತನ್ನ ಹೆಸರನ್ನು ಅವನೂ ಕೇಳಿಸಿಕೊಂಡಿದ್ದ. ಮದುವೆಮನೆಯ ಗದ್ದಲದಲ್ಲಿ ಒಮ್ಮೆ ಬಿಟ್ಟರೆ ಹೀಗೆ ಬಿಡಿಯಾಗಿ ಕೇಳಿದ್ದೇ ಇಲ್ಲ. ಮೈ ಜುಮ್ಮೆಂದಿತು. ಅದರ ಹಿಂದೆಯೇ, ತಿರುಪು ಬಿಗಿಯುವಾಗ ಅದರ ಹಲ್ಲು ಜಾರಿದ್ದು ಕೈಗೆ ತಿಳಿಯುತ್ತದಲ್ಲ, ಅಂಥದೇನೋ ಒಂದು ಜಾರಿತು. ಅದನ್ನು ಅವನು ಮಗಳಿಗೆ ಹೇಳಲಿಲ್ಲ.

ಉಳಿದ ಬೆಳಿಗ್ಗೆಗಳೆಲ್ಲ ಹಾಗೆಯೇ ನಡೆದವು. ಅವನು ಕಣ್ಣಿಗೆ ಬಿದ್ದರೆ ಅವಳಿಗೆ ನಾಚಿಕೆ ಬಂದು ಬಾಯಿ ಕಟ್ಟುತ್ತದೆಂದು ಅವನು ಏಳೂವರೆಗೇ ಹಿತ್ತಲು ಸೇರುತ್ತಿದ್ದ. ಗುಳಿಗೆಯ ಹೊತ್ತು ಮುಗಿಯುವತನಕ ಒಳಗೆ ಕಾಲಿಡುತ್ತಿರಲಿಲ್ಲ. ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದ. ಒಳಗಿನಿಂದ ಅಣ್ಣ, ಬೀಗದ ಕೈ, ಮಗಳು, ಕಸೂತಿಯ ಗೋಪುರ, ಕೊನೆಗೆ "ಅಡಿವೆಪ್ಪ, ಡಿಪೋದಾಗ ಮೆಕ್ಯಾನಿಕ್" ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ದಿನಕ್ಕೊಮ್ಮೆ ಹಸಿರು. ಪ್ರಯೋಗಾಲಯದಿಂದ ಶಾಬಾಸ್ ಎಂದು ಸಂದೇಶ ಬಂತು.

ಮೂರನೆಯ ಸುತ್ತಿನ ದಿನ ಕಾಶವ್ವನನ್ನು ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ತೋಳಿಗೆ ಸೂಜಿ ಚುಚ್ಚಿ, ಅಡಿವೆಪ್ಪನನ್ನು ನಿಯಂತ್ರಣ ಕೋಣೆಗೆ ಕರೆದರು. ಗೋಡೆಯ ತುಂಬ ಬಿಳಿ ಚುಕ್ಕೆಗಳು ಹರಿದು ಬಂದವು. ಸಣ್ಣವು. ಕಾಲು ಚಾಚುತ್ತ, ಮುಟ್ಟುತ್ತ, ಮೂಸುತ್ತ, ಮುಂದೆ ಸಾಗುತ್ತ. ಹಸಿರು ಕೊಂಡಿಗೆ ಬಂದರೆ ತಟ್ಟಿ ನೋಡಿ ಹೋಗುವವು. ಬಣ್ಣವಿಲ್ಲದ್ದು ಸಿಕ್ಕರೆ ಸುತ್ತ ಕೂತುಬಿಡುವವು. ಅವು ಎದ್ದ ಮೇಲೆ ಅಲ್ಲಿ ಏನೂ ಇರುತ್ತಿರಲಿಲ್ಲ.

"ಕೆಲಸಾ ಚೊಲೋ ಮಾಡಾಕತ್ತಾವು," ಎಂದ ಅಡಿವೆಪ್ಪ. ಮೂವತ್ತು ವರ್ಷ ಕೆಲಸ ಮಾಡಿಸಿದವನ ಕಣ್ಣು ಅದು.

"ಚೊಲೋ ಮಾಡತಾವ," ಎಂದಳು ನಫೀಸಾ.

ಒಂದು ಕಡೆ ಬಿಳಿ ಚುಕ್ಕೆಗಳು ಹಿಂಡುಗಟ್ಟಿದವು. ನಲವತ್ತೊಂದನೆಯ ಕಾರ್ಡಿನ ಹಸಿರು ಅಲ್ಲೇ ಪಕ್ಕದಲ್ಲಿ, ಹೊಸದಾಗಿ ಹಾಕಿದ ಒಂದು ಗೆರೆಯಷ್ಟು ಸಣ್ಣಗೆ, ಕ್ಷೇಮವಾಗಿ ಹೊಳೆಯುತ್ತಿತ್ತು. ಅದರ ಸುತ್ತಲಿನ ಅಂಗೈಯಗಲದ ಕತ್ತಲು ಮಾತ್ರ ಮೊದಲಿನಂತೆಯೇ ಇತ್ತು. ಚುಕ್ಕೆಗಳು ಅದರೊಳಗೆ ಇಳಿದವು. ಬಹಳ ಹೊತ್ತು ಮೇಲೇಳಲಿಲ್ಲ.

"ಅಲ್ಲೇನೈತ್ರಿ ಅಷ್ಟು ತಿನ್ನೂದು?"

"ಗುರುತಿಲ್ಲದ್ದು. ರೋಗ ಹಿಡಿದ ಭಾಗ ಇರಬಹುದು." ನಫೀಸಾ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು. "ಹೊರಗಿಂದ ತಿಳಿಯೂದಿಲ್ರಿ, ಅಡಿವೆಪ್ಪನವರ."

ಮೂರು ವಾರಕ್ಕೆ ಕಾಶವ್ವ ಎದ್ದು ಕೂತಳು ಅನ್ನುವುದಕ್ಕಿಂತ ಮರಳಿ ಬಂದಳು ಅನ್ನಬೇಕು. ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಕಸೂತಿ ಕೇಳಿದಳು. ಎಳೆ ಎಣಿಸುತ್ತ ಗೋಪುರ ಮುಗಿಸಿ, ಬಟ್ಟೆ ತಿರುವಿ ಹಿಂಬದಿಯೂ ಮುಂದಿನಷ್ಟೇ ಚೊಕ್ಕಟವಾಗಿದೆಯೇ ಎಂದು ನೋಡಿದಳು. ಊಟ ತಂದ ಹುಡುಗಿಗೆ ಉಪ್ಪು ಹೆಚ್ಚಾಗಿದೆಯೆಂದು ಬೈದಳು. ದಾಕ್ಷಾಯಣಿ ಅವಳನ್ನು ತಬ್ಬಿಕೊಂಡು ಅತ್ತಾಗ "ಸಾಕು ಬಿಡು, ನಲವತ್ತಾದ್ರೂ ಕೂಸಿನಂಗ ಮಾಡ್ತಾಳ," ಎಂದು ತಲೆ ನೇವರಿಸಿದಳು. ಕೊನೆಯ ಪರೀಕ್ಷೆ ಬರುವತನಕ ಅಪ್ಪನನ್ನು ಒಳಗೆ ಬಿಡಬಾರದೆಂದು ದಾಕ್ಷಾಯಣಿಯೇ ಹೇಳಿಟ್ಟಿದ್ದಳು. ನಾಚಿಕೆಯಿಂದ ಮತ್ತೆ ಎಲ್ಲಿ ಬಾಯಿ ಕಟ್ಟುತ್ತದೋ ಎಂಬ ಅಂಜಿಕೆ.

ಕೊನೆಯ ಪರೀಕ್ಷೆಯ ದಿನ ನಫೀಸಾ ಕರೆಸಿದ್ದಕ್ಕೆ ಅಡಿವೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಗೋಡೆಯ ಬದಿಯ ಕುರ್ಚಿಯಲ್ಲಿ ಕೂತ. ಕೋಣೆಯಲ್ಲಿ ಆರೇಳು ಮಂದಿ ಬಿಳಿ ಕೋಟಿನವರಿದ್ದರು. ನಲವತ್ತು ಕಾರ್ಡೂ ಹಸಿರು. ನಲವತ್ತೊಂದನೆಯದನ್ನು ನಫೀಸಾ ತಾನೇ ಎತ್ತಿದಳು.

"ಅಡಿವೆಪ್ಪ," ಎಂದಳು ಕಾಶವ್ವ. "ಡಿಪೋದಾಗ ಮೆಕ್ಯಾನಿಕ್." ಫೋಟೊ ನೋಡಿದಳು, ಕುರ್ಚಿಯ ಕಡೆ ನೋಡಿದಳು. "ಇವರಽ ಅಲ್ಲೇನ? ಕೂದಲಾ ಬೆಳ್ಳಗಾಗ್ಯಾವು. ನಮಸ್ಕಾರ್ರಿ, ಅಡಿವೆಪ್ಪನವರ."

ಎರಡೂ ಕೈ ಜೋಡಿಸಿ, ಮುಖ ಎತ್ತಿ, ನೇರವಾಗಿ ನೋಡಿ ಹೇಳಿದಳು. ಸೆರಗು ಭುಜದ ಮೇಲೆ ಇದ್ದಲ್ಲೇ ಇತ್ತು. ಬಿಳಿ ಕೋಟಿನವರೆಲ್ಲ ಚಪ್ಪಾಳೆ ಹೊಡೆದರು. ನಫೀಸಾಳ ಕೈಗಳು ಎರಡು ಸಲ ತಟ್ಟಿ ನಿಂತುಹೋದವು.

ಆಮೇಲೆ ಹೊರಗಿನ ಓಣಿಯಲ್ಲಿ ಅವಳು ಗೋಡೆಗೆ ಬೆನ್ನು ಕೊಟ್ಟು ಹೇಳಿದಳು. "ಆ ನಾಚಿಕೀನಽ ದಾರಿ ಆಗಿತ್ತು. ನೀವು ಅಂದ್ರ ಅವರಿಗೆ ಹೆಸರಾಗಿರಲಿಲ್ಲ. ನಾನು ಹಿಡಿಕಿ ಅಂದೆ, ತಪ್ಪಾತು. ನಾವು ಬ್ಯಾರೆ ಒಬ್ಬ ಮನುಷ್ಯಾಗ ಗುರುತು ಹಾಕಿದ್ವಿ. ನಿಮಗ ಹಾಕೂ ಹೊತ್ತಿನ್ಯಾಗ ನೀವು ಹಿತ್ತಲದಾಗ ಕುಂತಿದ್ರಿ."

"ಮತ್ತ ಬೆಳಿಯೂದಿಲ್ಲೇನ್ರಿ?"

"ಹೊಸಾದು ಬೆಳೀಬಹುದು. ಹೊಸಬರ ಪರಿಚಯ ಆದಂಗ. ಹಳೇದು ಇಲ್ಲ."

ಮನೆಗೆ ಬಂದ ದಿನವೇ ಅಡಿವೆಪ್ಪ ತನ್ನ ಹಾಸಿಗೆಯನ್ನು ಹೊರಗಿನ ಪಡಸಾಲೆಗೆ ಸಾಗಿಸಿದ. ಇವರು ಅಪ್ಪನ ಪರಿಚಯದವರು, ನಾಲ್ಕು ದಿನ ಇರಲಿಕ್ಕೆ ಬಂದಿದ್ದಾರೆ ಎಂದು ದಾಕ್ಷಾಯಣಿ ತಾಯಿಗೆ ಹೇಳಿದಳು. ಹೇಳುವಾಗ ಅಪ್ಪನ ಮುಖ ನೋಡಲಿಲ್ಲ. ಕಾಶವ್ವ ಹಣೆಗೆ ಕುಂಕುಮ ಇಟ್ಟುಕೊಂಡಳು, ಕೈತುಂಬ ಬಳೆ ಹಾಕಿಕೊಂಡಳು, ಮನೆಯೆಲ್ಲ ಗುಡಿಸಿದಳು, ರೊಟ್ಟಿ ಬಡಿದಳು. ಹೊರಗಿನವರಿಗೆ ತಾಟು ಕಳಿಸಿದಳು. ತನಗೆ ಹಾಕಿಕೊಳ್ಳಲಿಲ್ಲ.

"ಉಣ್ಣವ್ವಾ."

"ದವಾಖಾನ್ಯಾಗಿನ ಮಾತು ಬ್ಯಾರೆ. ಮನ್ಯಾಗ ನಮ್ಮನಿಯವ್ರು ಬರ್ಲಿ. ಅವರು ಉಂಡಮ್ಯಾಲ ನಾ ಉಣ್ತೀನಿ."

ಗಂಡ ಅನ್ನುವ ಜಾಗ ಅವಳಲ್ಲಿ ಹಾಗೆಯೇ ಇತ್ತು. ಆ ಜಾಗದಲ್ಲಿ ಮನುಷ್ಯ ಇರಲಿಲ್ಲ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಅವಳು ಬಾಗಿಲ ಹತ್ತಿರ ಕೂತು ಬೀದಿ ನೋಡುತ್ತಲೇ ಇದ್ದಳು. ಮರುದಿನವೂ ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ದಾಕ್ಷಾಯಣಿ ಪಡಸಾಲೆಗೆ ಬಂದು ಅಪ್ಪನ ಎದುರು ಕೂತಳು. "ಅಪ್ಪಾ, ಹೇಳಿಬಿಡ್ತೀನಿ. ಇವರಽ ನಿನ್ನ ಗಂಡ ಅಂತ. ನನ್ನ ಮಾತು ನಂಬ್ತಾಳ."

"ನಂಬ್ತಾಳ. ಅದಕ್ಕಽ ಬ್ಯಾಡ ಅನ್ನೂದು."

"ಯಾಕ?"

"ನೀ ಹೇಳಿದಿ ಅಂತ ಎದ್ದು ಬಂದು ನೀರು ಕೊಡ್ತಾಳ. ತಾಟು ತೊಳೀತಾಳ. ಒಳಗ ಮಾತ್ರ ಯಾರೋ ಏನೋ ಅಂತ ಅಂಜಿಕೊಂಡು ಇರ್ತಾಳ." ಅಡಿವೆಪ್ಪ ತನ್ನ ಅಂಗೈಯ ಹಳೆಯ ಸುಟ್ಟ ಕಲೆಯನ್ನು ಉಜ್ಜಿದ. "ಹದಿನೇಳಕ್ಕ ಆಕೀನ್ನ ಒಂದು ಮಾತು ಕೇಳದ ತಂದು ನನ್ನ ಬಾಜೂಕ ನಿಂದ್ರಿಸಿದ್ರು. ಮೂರು ವರ್ಷ ನನ್ನ ಮುಖಾ ನೆಟ್ಟಗ ನೋಡಿರ್ಲಿಲ್ಲ, ಗೊತ್ತೇನ? ಎಷ್ಟು ಅತ್ತಾಳಂತ ನನಗ ಆಮ್ಯಾಲ ಹೇಳಿದ್ಲು. ಎರಡನೇ ಸಲ ಕೇಳದ ಲಗ್ನಾ ಮಾಡೂದು ಬ್ಯಾಡ."

"ಹಂಗಂತ ಸಾಯಾಕ ಬಿಡೂದೇನು?"

ಅವನು ಎದ್ದು, ಮೈಮೇಲೆ ಅಂಗಿ ಹಾಕಿಕೊಂಡು, ಹೊರಗಿನವರು ನಿಲ್ಲುವ ಹಾಗೆ ಹೊಸ್ತಿಲಿನ ಆಚೆಯೇ ನಿಂತ. ಕಾಶವ್ವ ಕೂತಲ್ಲಿಂದ ತಲೆ ಎತ್ತಿದಳು.

"ಏನ್ರಿ ಅಡಿವೆಪ್ಪನವರ? ಚಾ ಬೇಕಾಗಿತ್ತೇನು?"

"ಚಾ ಅಲ್ರಿ. ನಿಮ್ಮನಿಯವರ ಸುದ್ದಿ ಹೇಳಾಕ ಬಂದೆ."

ಅವಳು ಗೋಡೆ ಹಿಡಿದು ಎದ್ದೇಬಿಟ್ಟಳು. "ನಿಮಗ ಭೆಟ್ಟಿ ಆಗಿದ್ರೇನ್ರಿ? ಎಲ್ಲಿದಾರ?"

"ಡಿಪೋದ ಕೆಲಸದ ಮ್ಯಾಲ ಭಾಳ ದೂರ ಕಳಿಸ್ಯಾರ್ರಿ. ಘಟ್ಟದಾಗ ಗಾಡಿ ಕೆಟ್ಟು ನಿಂತಾವು. ಅವನ್ನ ಎಬ್ಬಿಸೂತನಕ ಬರಾಕ ಆಗೂದಿಲ್ಲ. ಆಕೀಗೆ ಹೇಳು, ನನ್ನ ದಾರಿ ನೋಡಬ್ಯಾಡ, ಹೊತ್ತಿಗೆ ಸರಿಯಾಗಿ ಉಣ್ಣು ಅಂತ, ಅಂದ್ರು."

"ಅವರಽ ಅಂದ್ರೇನ್ರಿ?"

"ಅವರಽ ಅಂದ್ರು."

"ಮತ್ತ ಅವರು ಉಂಡ್ರೇನ್ರಿ?"

"ನನ್ನ ಕಣ್ಣ ಮುಂದಽ ಉಂಡ್ರು. ಎರಡು ರೊಟ್ಟಿ."

ಕಾಶವ್ವ ಮತ್ತೇನೂ ಕೇಳದೆ ಒಳಗೆ ಹೋದಳು. ತಾಟು ಎಳೆದುಕೊಂಡಳು. ಹಸಿದವರು ಉಣ್ಣುವ ಹಾಗೆ ಉಂಡಳು, ಬೇಗ ಬೇಗ, ಬೆರಳಿಗಂಟಿದ ಪಲ್ಯವನ್ನೂ ಬಿಡದೆ. ದಾಕ್ಷಾಯಣಿ ಅಡಿಗೆಮನೆಯ ಕಂಬಕ್ಕೆ ಹಣೆ ಒತ್ತಿ ನಿಂತಿದ್ದಳು. ಅಡಿವೆಪ್ಪ ಹೊಸ್ತಿಲಿನಾಚೆ ನಿಂತು, ತಾಟು ಬರಿದಾಗುವತನಕ ನೋಡಿದ.

ಕೈ ತೊಳೆದುಕೊಂಡು ಬಂದು ಅವಳು ಬಾಗಿಲಲ್ಲಿ ನಿಂತಳು. ಈಗ ಮುಖಕ್ಕೆ ಒಂದಿಷ್ಟು ರಕ್ತ ಬಂದಿತ್ತು.

"ನಾಳೆರೆ ಬರ್ತಾರೇನ್ರಿ ಅವರು?"

"ಮುಂಜಾನೆ ಕೇಳಿಕೊಂಡು ಬಂದು ಹೇಳ್ತೀನ್ರಿ," ಎಂದ ಅಡಿವೆಪ್ಪ.